ಆರನೆಯ ಬಾಟಲಿ

ಹೋದ ತಿಂಗಳು ಹೆಂಡತಿ ಶಾರದ ನನ್ನ ಮೊಣಕಾಲಿಗೆ ಹಚ್ಚಲೆಂದು ಸಣ್ಣ ಸೌಟಿನಲ್ಲಿ ಹರಳೆಣ್ಣೆ ಬಿಸಿಮಾಡಿದಳು. ಎಣ್ಣೆ ತುಸು ಹೆಚ್ಚೇ ಕಾಯ್ದು ಹೊಗೆಯೆದ್ದಿತು. ನಡುಮನೆಯಲ್ಲಿ ಪತ್ರಿಕೆ ಓದುತ್ತಿದ್ದವನು ಎದ್ದು ಅಡಿಗೆಮನೆಗೆ ಹೋದೆ. ಕಟ್ಟೆಯ ಮೇಲಿದ್ದ ಬಾಟಲಿಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸತೊಡಗಿದೆ.

"ಐದಿದೆ. ನಾನೇ ಹೇಳ್ತಿದೀನಿ, ಐದೂ ಇದೆ. ಹೋಗಿ ಕೂತ್ಕೊಳ್ಳಿ," ಅಂದಳು ಶಾರದ, ತಿರುಗಿಯೂ ನೋಡದೆ.

ಅವಳಿಗೆ ಗೊತ್ತು. ಕಾಯ್ದ ಹರಳೆಣ್ಣೆಯ ವಾಸನೆ ಬಂದರೆ ನಾನು ಬಾಟಲಿ ಎಣಿಸುತ್ತೇನೆ. ಮೂವತ್ತು ವರ್ಷಗಳಿಗೂ ಹೆಚ್ಚಾಯಿತು, ಆ ಅಭ್ಯಾಸ ಹೋಗಿಲ್ಲ. ಅದು ೧೯೯೦ರ ಮಳೆಗಾಲದಲ್ಲಿ ಹತ್ತಿದ್ದು.

ಆಗ ನಾನು ಮುಂಬೈಯ ಚೆಂಬೂರಿನ ಕಾರ್ಖಾನೆಯೊಂದರಲ್ಲಿ ಸುರಕ್ಷತಾ ವಿಭಾಗದ ಮೇಲ್ವಿಚಾರಕ. ಎಲ್ಲಿ ಬೆಂಕಿ ಹಚ್ಚಬಹುದು, ಎಲ್ಲಿ ಹಚ್ಚಬಾರದು ಎಂದು ಚೀಟಿ ಬರೆದು ಸಹಿ ಹಾಕುವುದು ನನ್ನ ಕೆಲಸ. ನನ್ನ ಸಹಿಯಿಲ್ಲದೆ ಅಲ್ಲಿ ಯಾರೂ ವೆಲ್ಡಿಂಗ್ ಮಾಡುವಂತಿರಲಿಲ್ಲ. ಹದಿನೇಳನೆಯ ವಯಸ್ಸಿಗೆ ಮೈಸೂರಿನಿಂದ ಬಂದು ಸೇರಿದ ತರಬೇತಿ ಶಾಲೆಯಲ್ಲಿ ಐದಕ್ಕೆ ಏಳುವುದು, ಐದು ಹತ್ತಕ್ಕೆ ಹಾಸಿಗೆ ಸುತ್ತಿಡುವುದು, ಕೆಲಸ ಮುಗಿದ ಮೇಲೆ ಪ್ರತಿಯೊಂದು ಸ್ಪ್ಯಾನರನ್ನೂ ಎಣಿಸಿ ಅದರದರ ಗೂಟಕ್ಕೆ ನೇತುಹಾಕುವುದು ಕಲಿಸಿದ್ದರು. ಎಣಿಕೆ ತಪ್ಪಿದರೆ ಊಟವಿಲ್ಲ. ಈ ಪಾಠ ನನಗೆ ಕಷ್ಟವಾಗಲಿಲ್ಲ. ನನ್ನ ಸ್ವಭಾವವೇ ಹಾಗಿತ್ತು.

ವಾರದ ಆರು ದಿನ ಏನೂ ಹೊತ್ತಿಕೊಳ್ಳದಂತೆ ನೋಡಿಕೊಳ್ಳುವವನಿಗೆ ಭಾನುವಾರ ಏನನ್ನಾದರೂ ಹೊತ್ತಿಸುವ ಆಸೆ. ರಿಮೋಟಿನಿಂದ ಓಡಿಸುವ ರೇಸ್ ಕಾರುಗಳ ಹುಚ್ಚು ಹತ್ತಿದ್ದು ಹಾಗೆ. ಮಕ್ಕಳ ಬ್ಯಾಟರಿ ಕಾರುಗಳ ಮಾತಲ್ಲ ಇದು. ಮುಷ್ಟಿಯೊಳಗೆ ಹಿಡಿಸುವಷ್ಟು ಚಿಕ್ಕ ನಿಜವಾದ ಎಂಜಿನ್, ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ತಿರುಗುವಂಥದ್ದು. ನೈಟ್ರೋ ಎಂಜಿನ್ ಅನ್ನುತ್ತಾರೆ. ಇಂಧನಕ್ಕೆ ನೈಟ್ರೋಮೀಥೇನ್ ಎಂಬುದನ್ನು ಬೆರೆಸುವುದರಿಂದ ಆ ಹೆಸರು. ನಮಗೆ ಅದು ಕಣ್ಣಿಗೂ ಬೀಳಲಿಲ್ಲ. ಮೆಥನಾಲ್ ಮತ್ತು ಹರಳೆಣ್ಣೆ, ಇವೆರಡನ್ನೇ ಬೆರೆಸಿ ಓಡಿಸುತ್ತಿದ್ದೆವು. ಮೆಥನಾಲ್ ಉರಿಯುತ್ತದೆ, ಹರಳೆಣ್ಣೆ ಎಂಜಿನ್ನಿನ ಒಳಗನ್ನು ಕಾಯುತ್ತದೆ.

ಮೆಥನಾಲ್ ನೋಡಲು ನೀರು, ಮೂಸಿದರೆ ಸಾರಾಯಿ. ಕುಡಿದರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಜೀವ. ಕಳ್ಳಭಟ್ಟಿಯಲ್ಲಿ ಬೆರೆತು ಜನರನ್ನು ಸಾಲುಸಾಲಾಗಿ ಮಲಗಿಸುವುದು ಇದೇ. ಅದಕ್ಕೆ ಮುಂಬೈಯ ನಮ್ಮ ಸಣ್ಣ ಗುಂಪಿನಲ್ಲಿ ಒಂದು ಕಟ್ಟಲೆಯಿತ್ತು: ಎಣ್ಣೆ ಮೊದಲು. ಮೆಥನಾಲ್ ಕೊಂಡವನು ಅಂಗಡಿಯ ಮೆಟ್ಟಿಲಿಳಿಯುವ ಮುಂಚೆಯೇ ಡಬ್ಬಕ್ಕೆ ಹರಳೆಣ್ಣೆ ಸುರಿಯಬೇಕು. ಆ ಅಂಟು, ಆ ನಾತ ಇದ್ದರೆ ತಪ್ಪಿ ಬಾಯಿಗಿಟ್ಟವನೂ ಉಗುಳುತ್ತಾನೆ. ಈ ಕಟ್ಟಲೆ ನನಗೆ ಬಹಳ ಮೆಚ್ಚುಗೆಯಾಗಿತ್ತು. ಅದನ್ನು ಮುರಿದವನೂ ನಾನೇ.

ಗುಂಪಿನಲ್ಲಿ ನನ್ನ ಜೊತೆಗಾರ ಸದಾನಂದ ಶೆಟ್ಟರು. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರ ಅವರದೊಂದು ಉಡುಪಿ ಹೋಟೆಲು. ಆ ವರ್ಷ ಅವರ ಭಾವ ದುಬೈಯಿಂದ ಬರುವಾಗ ಎರಡು ಎಂಜಿನ್ ತಂದುಕೊಟ್ಟಿದ್ದರು. ಒಂದರ ಪಿಸ್ಟನ್ನಿಗೆ ಉಂಗುರವಿತ್ತು. ಅದು ಸಾಧು, ಸ್ವಲ್ಪ ಹೆಚ್ಚುಕಡಿಮೆಯಾದರೂ ಸಹಿಸಿಕೊಳ್ಳುತ್ತದೆ. ಇನ್ನೊಂದಕ್ಕೆ ಉಂಗುರವಿಲ್ಲ. ಕ್ರೋಮಿಯಂ ಹೊದಿಸಿದ ಹಿತ್ತಾಳೆಯ ಕೊಳವೆಯಲ್ಲಿ ಅಲ್ಯೂಮಿನಿಯಂ ಪಿಸ್ಟನ್ ಬಿಗಿಯಾಗಿ ಕೂತಿರುತ್ತದೆ. ವೇಗ ಹೆಚ್ಚು, ಸಿಟ್ಟೂ ಹೆಚ್ಚು. ಇಂಧನ ಸ್ವಲ್ಪ ಕಡಿಮೆಯಾದರೆ ಕಾದು ಕಚ್ಚಿಕೊಳ್ಳುತ್ತದೆ. ಮಳೆ ನಿಂತ ಮೇಲಿನ ರೇಸಿಗೆ ಎರಡರಲ್ಲಿ ಯಾವುದು ಎಂದು ಮಳೆಗಾಲ ಮುಗಿಯುವುದರೊಳಗೆ ತೀರ್ಮಾನವಾಗಬೇಕಿತ್ತು.

ಓಡಿಸಿ ನೋಡಲು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಖಾಲಿ ಶೆಡ್ಡಿತ್ತು. ಉದ್ದನೆಯ ಕಾಂಕ್ರೀಟ್ ನೆಲ, ಮೇಲೆ ತಗಡು. ಭಾನುವಾರ ಬೆಳಿಗ್ಗೆ ಗೇಟು ತೆಗೆದುಕೊಡುತ್ತಿದ್ದವನು ಎಸ್ಟೇಟಿನ ವಾಚ್‌ಮನ್ ಬಸಪ್ಪ. ಬಿಜಾಪುರದ ಕಡೆಯವನು, ಐವತ್ತರ ಹತ್ತಿರದವನು. ಹೆಂಡತಿ ಮಕ್ಕಳು ಊರಿನಲ್ಲಿ. ಅವನು ಗೇಟಿನ ಪಕ್ಕದ ಕ್ಯಾಬಿನ್ನಿನಲ್ಲಿ ಒಬ್ಬನೇ. ಶೆಟ್ಟರು ಪ್ರತಿ ಭಾನುವಾರ ಅವನಿಗೆ ಹೋಟೆಲಿನಿಂದ ಒಂದು ಪೊಟ್ಟಣ ವಡೆ ತರುತ್ತಿದ್ದರು. ಹಬ್ಬದ ದಿನಗಳಲ್ಲಿ, ನನಗೆ ಕಾಣದ ಹಾಗೆ, ಒಂದು ಬಾಟಲಿ ಮದ್ಯವನ್ನೂ ಶೆಡ್ಡಿನ ಮೂಲೆಯ ಡ್ರಮ್ಮಿನ ಹಿಂದೆ ಇಟ್ಟು ಹೋಗುತ್ತಿದ್ದರಂತೆ. ಅದು ನನಗೆ ಆಮೇಲೆ ತಿಳಿದದ್ದು.

"ಏನ್ ಸಾಹೇಬ್ರ, ಈ ಆಟಿಗಿ ಕಾರಿಗೆ ಇಷ್ಟ್ ಬರಿಯೂದ್ ಬೇಕೇನ್ರಿ?" ಎಂದು ನನ್ನ ನೋಟ್‌ಬುಕ್ ನೋಡಿ ನಗುತ್ತಿದ್ದ.

"ಬರೆಯದಿದ್ದರೆ ರಾಯರಿಗೆ ಉಂಡದ್ದು ಕರಗುವುದಿಲ್ಲ ಮಾರಾಯ," ಶೆಟ್ಟರ ಉತ್ತರ.

ಬರೆಯುವುದು ಬೇಕೇ ಇತ್ತು. ಈ ಎಂಜಿನ್ನಿನ ಪಕ್ಕದಲ್ಲಿ ಒಂದು ಸೂಜಿ ತಿರುಪು ಇರುತ್ತದೆ. ಅದನ್ನು ಒಳಗೆ ತಿರುಗಿಸಿದರೆ ಇಂಧನ ಕಡಿಮೆ, ಹೊರಗೆ ತಿರುಗಿಸಿದರೆ ಹೆಚ್ಚು. ಗಡಿಯಾರದ ಮುಳ್ಳು ಐದು ನಿಮಿಷ ಸರಿಯುವಷ್ಟು ತಿರುಗಿಸಿದರೂ ಎಂಜಿನ್ನಿನ ದನಿಯೇ ಬದಲಾಗುತ್ತದೆ. ಬೇಸಿಗೆಯ ಲೆಕ್ಕ ಮಳೆಗಾಲದ ತೇವದ ಗಾಳಿಗೆ ಹೊಂದುವುದಿಲ್ಲ. ಸರಿಯಾಗಿದೆಯೇ ಎಂದು ತಿಳಿಯಲು ಎರಡು ಸಾಕ್ಷಿ. ಒಂದು, ಹಿಂದಿನಿಂದ ಬರುವ ಹೊಗೆ: ಬಿಳಿಯ ಸಣ್ಣ ಎಳೆಯಿದ್ದರೆ ಸರಿ, ದಟ್ಟವಾದರೆ ಇಂಧನ ಹೆಚ್ಚಾಗಿದೆ ಎಂದರ್ಥ. ಇನ್ನೊಂದು, ಶಾರದಳ ದೋಸೆ ಕಾವಲಿಯಿಂದ ನಾನು ಕಲಿತದ್ದು. ಎಂಜಿನ್ನಿನ ತಲೆಯ ಮೇಲೆ ಒಂದು ಹನಿ ನೀರು ಬಿಡುವುದು. ಮೂರು ಸೆಕೆಂಡು ಕುದಿದು ಆರಿದರೆ ಹದ. ಬಿದ್ದ ಕೂಡಲೇ ಚುರ್ರೆಂದು ಮಾಯವಾದರೆ ಎಂಜಿನ್ ಅತಿಯಾಗಿ ಕಾದಿದೆ, ನಿಲ್ಲಿಸಬೇಕು.

"ಕಾವಲಿ ಎಷ್ಟು ಸೆಕೆಂಡಿಗೆ ಹದ?" ಎಂದು ಒಮ್ಮೆ ಗಡಿಯಾರ ಹಿಡಿದು ಅವಳ ಪಕ್ಕ ನಿಂತಿದ್ದೆ.

"ಸೆಕೆಂಡಾ? ಸುಮ್ನೆ ಆಚೆ ಹೋಗ್ರೀ," ಅಂದಿದ್ದಳು.

ಜುಲೈ ಹೊತ್ತಿಗೆ ಹರಳೆಣ್ಣೆ ಎಷ್ಟು ಪಾಲು ಇರಬೇಕು ಎಂಬ ಪ್ರಶ್ನೆ ಬಂತು. ಉಂಗುರವಿಲ್ಲದ ಎಂಜಿನ್ನಿಗೆ ಒಂದು ಪಾಲು, ಉಂಗುರದ್ದಕ್ಕೆ ಇನ್ನೊಂದು. ಮೂರು ಬಗೆಯ ಪಾಲನ್ನು ಪರೀಕ್ಷಿಸಿ ಬರೆದಿಡೋಣ ಎಂದು ನಾನು ಹೇಳಿದೆ. ಹಾಗಾದರೆ ಮೆಥನಾಲನ್ನು ಬರಿದೇ ಒಯ್ದು, ಶೆಡ್ಡಿನಲ್ಲೇ ಅಳೆದು ಬೆರೆಸಬೇಕು.

"ಎಣ್ಣೆ ಹಾಕದೆಯಾ? ಬೇಡ ರಾಯರೇ," ಅಂದರು ಶೆಟ್ಟರು. "ನಮ್ಮ ಹೋಟೆಲಿನ ಹಿಂದೆ ಅಡಿಗೆಯವರು ಮಲಗುವುದು. ಯಾರಾದರೂ ಬಾಯಿಗೆ ಹಾಕಿದರೆ?"

"ಲೇಬಲ್ ಅಂಟಿಸ್ತೇನೆ. ನಂಬರ್ ಹಾಕ್ತೇನೆ. ಎಣಿಸಿ ಒಯ್ಯೋದು, ಎಣಿಸಿ ತರೋದು. ಇಷ್ಟಾದ ಮೇಲೆ ತಪ್ಪು ಹೇಗಾಗುತ್ತೆ?"

ಇಷ್ಟು ಮಾತ್ರವಲ್ಲ. ಆ ಶನಿವಾರ ಸಂಜೆ ಶೆಟ್ಟರ ಹೋಟೆಲಿನ ಹಿಂದಿನ ಕೋಣೆಯಲ್ಲಿ ನಾನು ಮೆಥನಾಲ್ ತುಂಬಿಸಿದ್ದು ರಮ್ಮಿನ ಖಾಲಿ ಬಾಟಲಿಗಳಿಗೆ. ಕಂದು ಗಾಜಿನವು, ಎಲ್ಲವೂ ಒಂದೇ ಅಳತೆಯವು, ತಿರುಪಿನ ಮುಚ್ಚಳ ಬಿಗಿಯಾಗಿ ಕೂರುವಂಥವು. ಕಾರ್ಖಾನೆಯಲ್ಲಿ ಪ್ರತಿ ವರ್ಷ ಹೊಸಬರ ಮುಂದೆ ನಿಂತು, ಕುಡಿಯುವ ಬಾಟಲಿಗೆ ರಾಸಾಯನಿಕ ತುಂಬಬಾರದು ಎಂದು ಪಾಠ ಹೇಳುತ್ತಿದ್ದವನು ನಾನು. ಆ ಸಂಜೆ ಆರು ಬಾಟಲಿ ತುಂಬಿ, ಕೆಂಪು ಶಾಯಿಯಲ್ಲಿ 'ವಿಷ' ಎಂದು ಮೂರು ಭಾಷೆಯಲ್ಲಿ ಬರೆದು, ಒಂದರಿಂದ ಆರು ನಂಬರು ಹಾಕಿ ಗೋಂದಿನಿಂದ ಅಂಟಿಸಿದೆ. ಮನಸ್ಸಿಗೆ ತೃಪ್ತಿಯಾಗಿತ್ತು.

ಭಾನುವಾರ ಬೆಳಿಗ್ಗೆ ಶೆಟ್ಟರು ಆ ಬಾಟಲಿಗಳನ್ನು ರೆಕ್ಸಿನ್ ಚೀಲದಲ್ಲಿ ತಂದರು. ಕಾಂದಿವಲಿ ಸ್ಟೇಷನ್ನಿನಿಂದ ಎಸ್ಟೇಟಿಗೆ ನಡೆಯುವ ಹದಿನೈದು ನಿಮಿಷದಲ್ಲಿ ಮಳೆ ಕೊಡೆಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಶೆಡ್ಡಿಗೆ ಬಂದು ಚೀಲ ಬಿಚ್ಚಿದರೆ ತಳದಲ್ಲಿ ನೀರು, ನೀರಿನಲ್ಲಿ ತೇಲುವ ಆರು ಲೇಬಲ್ಲು. ಕೆಂಪು ಶಾಯಿ ಕರಗಿ ಬಾಟಲಿಗಳಿಗೆ ಮೆತ್ತಿತ್ತು. ಒರೆಸಿ ಸಾಲಾಗಿ ನಿಲ್ಲಿಸಿದೆ. ಮಧ್ಯಾಹ್ನ ಹೊರಡುವಾಗ ಹೊಸದಾಗಿ ಬರೆಯೋಣ ಅಂದುಕೊಂಡೆ.

ಆ ಬೆಳಿಗ್ಗೆ ಎಂಜಿನ್ನುಗಳು ನನ್ನ ತಲೆ ಕೆಡಿಸಿದವು. ಮೊದಲ ಬಾಟಲಿಗೆ ಅಳೆದು ಎಣ್ಣೆ ಬೆರೆಸಿ ಉಂಗುರದ ಎಂಜಿನ್ ಓಡಿಸಿದೆ. ದಟ್ಟ ಹೊಗೆ. ಇಂಧನ ಹೆಚ್ಚಾಯಿತೆಂದು ಸೂಜಿಯನ್ನು ಸ್ವಲ್ಪ ಒಳಗೆ ತಿರುಗಿಸಿದೆ. ಹೊಗೆ ಕಡಿಮೆಯಾಗಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದೆ. ನೀರಿನ ಹನಿ ಬಿಟ್ಟರೆ ಚುರ್ರ್! ಒಂದು ಸೆಕೆಂಡೂ ನಿಲ್ಲಲಿಲ್ಲ. ಹೊಗೆ ಇಂಧನ ಹೆಚ್ಚು ಅನ್ನುತ್ತಿದೆ, ನೀರು ಕಡಿಮೆ ಅನ್ನುತ್ತಿದೆ. ಎರಡನೆಯ ಬಾಟಲಿ ಬೆರೆಸಿ ಉಂಗುರವಿಲ್ಲದ ಎಂಜಿನ್ ಹಚ್ಚಿದೆ. ಅಲ್ಲಿಯೂ ಅದೇ. ಮೂರನೆಯ ಸುತ್ತಿಗೆ ಕಾರು ಕಿರುಚಿ, ಶೆಡ್ಡಿನ ನಡುವೆ ನಿಂತುಬಿಟ್ಟಿತು. ಪಿಸ್ಟನ್ ಕಚ್ಚಿಕೊಂಡಿತ್ತು.

ನನಗೆ ಎಂಜಿನ್ ಹೋದದ್ದಕ್ಕಿಂತ ಕಾರಣ ತಿಳಿಯದ್ದು ಹೆಚ್ಚು ಸಿಟ್ಟು ತರಿಸಿತ್ತು. ಶೆಟ್ಟರು ಆವತ್ತು ಯಾಕೋ ಮಾತು ಕಡಿಮೆ ಮಾಡಿದ್ದರು. ಅಷ್ಟರಲ್ಲಿ ಬಸಪ್ಪ ಕೊಡೆ ಹಿಡಿದು ಬಂದ.

"ಸಾಹೇಬ್ರ, ಹೊಂಡ್ರಿ ಲಗೂನ. ಲೈನ್ ಮ್ಯಾಲ ನೀರ್ ನಿಂತಾವಂತ. ಲೋಕಲ್ ಬಂದ್ ಆದ್ರ ಇಲ್ಲೇ ನನ್ನ ಕೂಡ ರೊಟ್ಟಿ ಬಡೀಬೇಕಾಕ್ಕೈತಿ."

ಗಡಿಬಿಡಿಯಲ್ಲಿ ಎಲ್ಲವನ್ನೂ ಚೀಲಕ್ಕೆ ತುಂಬಿ ಓಡಿದೆವು. ಹದಿನೇಳನೆಯ ವಯಸ್ಸಿನಿಂದ ಆವತ್ತಿನವರೆಗೆ ಎಣಿಸದೆ ನಾನು ಸಾಮಾನು ಕಟ್ಟಿದವನಲ್ಲ. ಆವತ್ತು ಎಣಿಸಲಿಲ್ಲ.

ರೈಲು ಜೋಗೇಶ್ವರಿ ದಾಟಿದ ಮೇಲೆ ಉಸಿರು ಬಿಟ್ಟು, ಒದ್ದೆ ಸಾಮಾನು ಒರೆಸಿಡೋಣವೆಂದು ಚೀಲ ಬಿಚ್ಚಿದೆ. ಖಾಲಿ ಬಾಟಲಿ ಎರಡು. ತುಂಬಿದ್ದು ಮೂರು. ಮತ್ತೆ ಎಣಿಸಿದೆ. ಎಲ್ಲವನ್ನೂ ಹೊರಗೆ ತೆಗೆದು ಸೀಟಿನ ಮೇಲೆ ಸಾಲಾಗಿಟ್ಟು ಎಣಿಸಿದೆ. ಐದು.

"ಶೆಟ್ಟರೇ, ಒಂದು ಬಾಟಲಿ ಇಲ್ಲ."

"ನೋಡಿ ಸರಿಯಾಗಿ."

"ಮೂರು ಸಲ ನೋಡಿದೆ. ಶೆಡ್ಡಿನಲ್ಲಿ ಉಳಿದಿದೆ. ಲೇಬಲ್ ಇಲ್ಲದ್ದು. ರಮ್ಮಿನ ಬಾಟಲಿ."

ಶೆಟ್ಟರ ಮುಖದ ಬಣ್ಣ ಇಳಿಯಿತು. "ಬಸಪ್ಪ," ಅಂದರು. ಆಗಲೇ ಅವರು ಹಬ್ಬದ ಬಾಟಲಿಯ ವಿಷಯ ಹೇಳಿದ್ದು. ಯಾವಾಗಲೂ ಡ್ರಮ್ಮಿನ ಹಿಂದೆ ಇಡುವುದು ವಾಡಿಕೆ. ನಾನು ಆ ಬೆಳಿಗ್ಗೆ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿದ್ದು ಅದೇ ಡ್ರಮ್ಮಿನ ಪಕ್ಕ. ಒಂದು ಹಿಂದಕ್ಕೆ ಸರಿದಿರಬೇಕು.

ಅಂಧೇರಿಯಲ್ಲಿ ಹಾರಿ ಇಳಿದೆವು. ಸೇತುವೆ ದಾಟಿ ಎದುರಿನ ಪ್ಲಾಟ್‌ಫಾರ್ಮಿಗೆ ಬಂದರೆ ರೈಲಿಲ್ಲ. ಹನ್ನೊಂದು ನಿಮಿಷ ಕಾದೆವು. ಆ ಹನ್ನೊಂದು ನಿಮಿಷದಲ್ಲಿ ನನ್ನ ಕಣ್ಣ ಮುಂದೆ ಬಸಪ್ಪ ಕ್ಯಾಬಿನ್ನಿನಲ್ಲಿ ಲೋಟ ಹುಡುಕುತ್ತಿದ್ದ, ಮುಚ್ಚಳ ತಿರುಗಿಸುತ್ತಿದ್ದ. ಮೆಥನಾಲಿನ ಕ್ರೂರತನ ನನಗೆ ಗೊತ್ತಿತ್ತು. ಕುಡಿದವನಿಗೆ ಮೊದಲು ಏನೂ ಆಗುವುದಿಲ್ಲ. ಉಂಡು ಮಲಗುತ್ತಾನೆ. ಮರುದಿನ ಎದ್ದರೆ ಬೆಳಕಿರುವುದಿಲ್ಲ.

ರೈಲು ಬಂತು. ಹತ್ತಿದೆವು. ಗೋರೆಗಾಂವ್ ಬಿಟ್ಟ ಮೇಲೆ ಅದು ನಿಂತುಬಿಟ್ಟಿತು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎನ್ನಿಸಿ, ಬೆಳಗಿನಿಂದ ನಡೆದದ್ದನ್ನು ಮೊದಲಿಂದ ನೆನೆಯತೊಡಗಿದೆ. ಹೊಗೆ ಹೆಚ್ಚು, ಆದರೆ ಎಂಜಿನ್ ಬಿಸಿ. ಎರಡೂ ಒಟ್ಟಿಗೆ ಆಗಬೇಕಾದರೆ? ಹೊಗೆ ಬರುವುದು ಎಣ್ಣೆಯಿಂದ. ಎಣ್ಣೆ ನಾನು ಅಳೆದದ್ದಕ್ಕಿಂತ ಹೆಚ್ಚಿದ್ದರೆ ಹೊಗೆ ಹೆಚ್ಚುತ್ತದೆ, ಉರಿಯುವ ಮೆಥನಾಲ್ ಕಡಿಮೆಯಾಗುತ್ತದೆ. ಹೊಗೆ ಕಂಡು ನಾನು ಸೂಜಿಯನ್ನು ಇನ್ನೂ ಬಿಗಿಮಾಡಿದ್ದೆ.

"ಶೆಟ್ಟರೇ, ನೀವು ಬಾಟಲಿಗೆ ಎಣ್ಣೆ ಹಾಕಿದ್ರಾ?"

ಅವರು ಕಿಟಕಿಯ ಕಡೆ ನೋಡಿದರು. "ಬೈಯಬೇಡಿ ರಾಯರೇ. ನಿನ್ನೆ ನೀವು ಹೋದ ಮೇಲೆ ನಮ್ಮ ಅಡಿಗೆಯವನೊಬ್ಬ ಬಂದು ಬಾಟಲಿಗಳನ್ನು ನೋಡುತ್ತಾ ನಿಂತಿದ್ದ. ನನಗೆ ಎದೆ ಹೊಡೆದುಕೊಂಡಿತು. ಒಂದೊಂದಕ್ಕೂ ಒಂದು ಸಣ್ಣ ಲೋಟ ಹರಳೆಣ್ಣೆ ಹಾಕಿಬಿಟ್ಟೆ. ನಿಮಗೆ ಹೇಳಿದರೆ ಲೆಕ್ಕ ತಪ್ಪಿತು ಅಂತ ಕುಣಿಯುತ್ತೀರಿ."

ಜೀವನದಲ್ಲಿ ಯಾರ ಅವಿಧೇಯತೆಯೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ. ಅವರ ಕೈ ಹಿಡಿದುಕೊಂಡೆ. ಎಣ್ಣೆಯಿದ್ದರೆ ಬಸಪ್ಪ ಮೊದಲ ಗುಟುಕಿಗೇ ಉಗುಳಿರುತ್ತಾನೆ.

"ಆರಕ್ಕೂ ಹಾಕಿದ್ರಿ ತಾನೆ?"

ಶೆಟ್ಟರು ಕೈ ಬಿಡಿಸಿಕೊಂಡರು. "ಐದಕ್ಕೆ. ಆರನೆಯದಕ್ಕೆ ಎಣ್ಣೆ ಮುಗಿದಿತ್ತು."

ಬೆಳಿಗ್ಗೆ ಖಾಲಿಯಾದ ಎರಡರಲ್ಲೂ ಎಣ್ಣೆಯಿತ್ತು, ಅದಕ್ಕೆ ಎಂಜಿನ್ನೇ ಸಾಕ್ಷಿ. ಚೀಲದಲ್ಲಿದ್ದ ಮೂರರಲ್ಲಿ ಒಂದು ಬರಿಯ ಮೆಥನಾಲ್ ಆಗಿದ್ದರೆ ಬಸಪ್ಪನ ಹತ್ತಿರ ಇರುವುದು ಎಣ್ಣೆಯದ್ದು. ಅವನು ಉಳಿದ. ಮೂರರಲ್ಲೂ ಎಣ್ಣೆಯಿದ್ದರೆ...

ನೋಡುವುದು ಹೇಗೆ? ಗಾಜು ಕಂದು, ಬಣ್ಣ ಕಾಣದು. ಮೂಗಿಗೆ ಬೆಳಗಿನಿಂದ ಹರಳೆಣ್ಣೆಯೇ ತುಂಬಿತ್ತು. ಬರಿಯ ಮೆಥನಾಲ್ ಚರ್ಮದ ಮೇಲೆ ಬಿದ್ದರೆ ತಣ್ಣಗಾಗಿ ಆರಿಹೋಗುತ್ತದೆ, ಎಣ್ಣೆಯಿದ್ದರೆ ಅಂಟು ಉಳಿಯುತ್ತದೆ. ತೋಳನ್ನು ಕಿಟಕಿಯ ಹೊರಗೆ ಚಾಚಿ ಮಳೆಯಲ್ಲಿ ಸೋಪು ಹಾಕಿ ತೊಳೆದು ಒರೆಸಿಕೊಂಡೆ. ಸೋಪಿನ ತುಂಡು ನನ್ನ ಚೀಲದಲ್ಲಿ ಸದಾ ಇರುತ್ತಿತ್ತು. ಅಷ್ಟರಲ್ಲಿ ಎದುರು ಸೀಟಿನವನು ಬೀಡಿ ಹಚ್ಚಿದ.

"ಭಾಯ್ ಸಾಬ್, ಬುಝಾವೋ!" ಶೆಟ್ಟರು ಕೂಗಿದ ರೀತಿಗೆ ಆತ ಬೀಡಿಯನ್ನು ಹೊರಗೆಸೆದು, ಎದ್ದು ದೂರ ಹೋಗಿ ಕೂತ.

ಮೊದಲ ಬಾಟಲಿಯಿಂದ ಒಂದು ಹನಿ. ತಣ್ಣಗಾಯಿತು. ಬೆರಳಿನಿಂದ ಸವರಿದೆ. ಅಂಟು. ಎರಡನೆಯದು. ಅಂಟು. ಮೂರನೆಯದರ ಹನಿ ಬಿಟ್ಟೆ, ಆರಿದ ಮೇಲೆ ಸವರುವ ಧೈರ್ಯವಾಗಲಿಲ್ಲ. ಶೆಟ್ಟರೇ ಬೆರಳಿಟ್ಟು ನೋಡಿದರು. ಬೆರಳಿಗೆ ಹತ್ತಿದ ಅಂಟನ್ನು ಪಂಚೆಯ ಅಂಚಿಗೆ ಒರೆಸಿಕೊಂಡರು.

ಆಗ ನಾನು ಮಾಡಿದ್ದು ನನ್ನ ಸಹಿಯ ಅಧಿಕಾರವಿದ್ದಿದ್ದರೆ ಯಾರಿಗೂ ಮಾಡಲು ಬಿಡದಂಥ ಕೆಲಸ. ನಿಂತ ರೈಲಿನಿಂದ ಹಳಿಗೆ ಧುಮುಕಿದೆ. ಮೊಣಕಾಲುದ್ದ ನೀರು, ಹಳಿ ಕಾಣುತ್ತಿರಲಿಲ್ಲ. ಶೆಟ್ಟರು ಚೀಲವನ್ನು ತಲೆಯ ಮೇಲೆ ಹೊತ್ತು ಹಿಂದೆ ಬಂದರು. ಮಾಲಾಡ್ ಸ್ಟೇಷನ್ನಿನವರೆಗೆ ನಡೆದು, ಅಲ್ಲಿ ಒಬ್ಬ ರಿಕ್ಷಾದವನ ಮುಂದೆ ಕೈಮುಗಿದು ನಿಂತೆವು. ಶೆಟ್ಟರು ದಾರಿಯುದ್ದಕ್ಕೂ ತುಳುವಿನಲ್ಲಿ ತಮ್ಮ ಊರಿನ ದೈವಗಳಿಗೆಲ್ಲ ಹೇಳಿಕೊಳ್ಳುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ. ನಾವು ಶೆಡ್ಡು ಬಿಟ್ಟು ಎರಡು ಗಂಟೆಯಾಗಿತ್ತು.

ಬಸಪ್ಪ ಕ್ಯಾಬಿನ್ನಿನ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಮುಂದೆ ರೊಟ್ಟಿ, ಶೇಂಗಾ ಚಟ್ನಿ, ಸ್ಟೀಲ್ ಲೋಟ. ಬಾಟಲಿ ಕಿಟಕಿಯ ಮೇಲೆ.

"ಏನ್ರೀ ಇದು, ಹೊಳ್ಳಿ ಬಂದ್ರಿ? ನಾ ಹೇಳಿದ್ನಿಲ್ಲ, ರೊಟ್ಟಿ ಬಡೀಬೇಕಾಕ್ಕೈತಿ ಅಂತ!" ಮುಖದ ತುಂಬ ನಗು.

"ಎಷ್ಟು ಕುಡಿದೆ?"

"ಯಾಕ್ರಿ ಸಾಹೇಬ್ರ, ಶೆಟ್ರು ನನಗಂತ ಬಿಟ್ಟ ಹೋಗ್ಯಾರ ಅಂದ್ಕೊಂಡೆ. ನಾ ಕದ್ದಿಲ್ರಿ."

"ಕದ್ದೆ ಅಂತ ಯಾರೂ ಹೇಳ್ತಿಲ್ಲ. ಎಷ್ಟು ಕುಡಿದೆ ಹೇಳು."

"ಅರ್ಧ ಲೋಟ. ನೀರ್ ಕೂಡ್ಸೀನಿ." ಲೋಟವನ್ನು ಎತ್ತಿ ತೋರಿಸಿದ. "ಭಾಳ ಸಪ್ಪಗ್ ಐತ್ರಿ ಶೆಟ್ರ, ಈ ಸಲದ ಮಾಲು."

ಶೆಟ್ಟರು ಲೋಟವನ್ನು ಕಿತ್ತುಕೊಂಡು ಹೊರಗೆ ಚೆಲ್ಲಿದರು. ನಾನು ಆದಷ್ಟು ಸಣ್ಣ ಮಾತಿನಲ್ಲಿ ಹೇಳಿದೆ: ಇದು ಎಂಜಿನ್ನಿಗೆ ಹಾಕುವುದು, ವಿಷ, ಈಗಲೇ ಆಸ್ಪತ್ರೆಗೆ ಹೋಗಬೇಕು. ಅವನು ನಂಬಲಿಲ್ಲ.

"ನನಗ ಏನಾಗೇತ್ರಿ? ನೋಡ್ರಿ, ಕಲ್ ಇದ್ದಂಗ ಇದ್ದೀನಿ. ಎಂಜಿನ್ ಓಡ್ತೈತಿ ಅಂದ್ರ ನಾನೂ ಓಡ್ತೀನಿ ಬಿಡ್ರಿ."

ಅವನು ಸರಿಯಿದ್ದದ್ದೇ ನನ್ನ ಭಯವಾಗಿತ್ತು. ನೋವು ಇದ್ದಿದ್ದರೆ ಎದ್ದು ಬರುತ್ತಿದ್ದ. ಕೊನೆಗೆ ಶೆಟ್ಟರು ಅವನ ಕಾಲು ಹಿಡಿದುಕೊಂಡರು. ತನಗೆ ವಡೆ ತಂದುಕೊಡುವ ಹೋಟೆಲಿನ ಧಣಿ ಕಾಲು ಹಿಡಿದದ್ದನ್ನು ಕಂಡು ಬಸಪ್ಪನ ನಗು ನಿಂತಿತು. ಚಪ್ಪಲಿ ಹಾಕಿಕೊಂಡ. ಗೇಟಿಗೆ ಬೀಗ ಹಾಕದೆ ಬರಲಾರೆನೆಂದು ಒಂದು ನಿಮಿಷ ಬೀಗ ಹುಡುಕಿದ. ಆ ಒಂದು ನಿಮಿಷ ನಾನು ಅವನಿಗೆ ಅವಸರ ಮಾಡಲಿಲ್ಲ. ಅವನ ಜಾಗದಲ್ಲಿ ನಾನೂ ಬೀಗ ಹಾಕಿಯೇ ಬರುತ್ತಿದ್ದೆ.

ಆಸ್ಪತ್ರೆಯಲ್ಲಿ ಭಾನುವಾರದ ಡ್ಯೂಟಿಯಲ್ಲಿದ್ದವರು ಒಬ್ಬರು ಮರಾಠಿ ಡಾಕ್ಟರಮ್ಮ, ಚಿಕ್ಕ ವಯಸ್ಸಿನವರು.

"ಕ್ಯಾ ಪಿಯಾ? ಕಿಸನೇ ದಿಯಾ?"

ಏನು ಕುಡಿದ, ಎಷ್ಟು ಹೊತ್ತಾಯಿತು, ಎಷ್ಟು ಪ್ರಮಾಣ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಕೊನೆಗೆ, "ಬಾಟಲಿ ಮೇರಾ ಹೈ," ಅಂದೆ. ಪೊಲೀಸರಿಗೆ ಕಳಿಸುವ ದಪ್ಪ ಪುಸ್ತಕವನ್ನು ಮುಂದೆ ತಳ್ಳಿದರು. ನನ್ನ ಪೂರ್ತಿ ಹೆಸರು, ಹುದ್ದೆ, ವಿಳಾಸ ಬರೆದೆ. ಸುರಕ್ಷತಾ ಮೇಲ್ವಿಚಾರಕ ಎಂದು ಬರೆಯುವಾಗ ಪೆನ್ನು ಕಾಗದವನ್ನು ಹರಿಯಿತು. ಕೆಲಸ ಹೋಗಬಹುದು ಎಂಬ ಯೋಚನೆ ಬಂತು, ಬಂದಷ್ಟೇ ಬೇಗ ಹೋಯಿತು. ಅದಕ್ಕೆ ಹೆದರಲು ನನ್ನಲ್ಲಿ ಆವತ್ತು ಜಾಗವಿರಲಿಲ್ಲ.

ಮೆಥನಾಲಿಗೆ ಮದ್ದು ಕುಡಿಯುವ ಮದ್ಯವೇ. ಅದು ರಕ್ತದಲ್ಲಿರುವಷ್ಟು ಹೊತ್ತು ದೇಹ ಮೆಥನಾಲಿನ ಗೋಜಿಗೆ ಹೋಗುವುದಿಲ್ಲವಂತೆ, ವಿಷ ಹುಟ್ಟುವುದಿಲ್ಲವಂತೆ. ಆ ಸಣ್ಣ ಆಸ್ಪತ್ರೆಯಲ್ಲಿ ಅದಕ್ಕೆ ಬೇಕಾದ ಇಂಜೆಕ್ಷನ್ ಇರಲಿಲ್ಲ. ದೊಡ್ಡ ಆಸ್ಪತ್ರೆಗೆ ಒಯ್ಯೋಣವೆಂದರೆ ರಸ್ತೆ ಮುಳುಗಿತ್ತು. "ಒಳ್ಳೆಯ ಬ್ರಾಂದಿ ತನ್ನಿ, ಮುಚ್ಚಳ ಒಡೆಯದ್ದು," ಎಂದರು ಡಾಕ್ಟರಮ್ಮ. ಶೆಟ್ಟರು ಮಳೆಯಲ್ಲಿ ಓಡಿದರು. ಪ್ರತಿ ಗಂಟೆಗೆ ಇಷ್ಟೇ, ಹೆಚ್ಚೂ ಬೇಡ, ಕಡಿಮೆಯೂ ಬೇಡ, ತಪ್ಪಲೂಬಾರದು ಎಂದು ಅಳತೆ ಬರೆದುಕೊಟ್ಟರು. ವಾರ್ಡಿನಲ್ಲಿ ಒಬ್ಬಳೇ ನರ್ಸು, ಮೂವತ್ತು ಹಾಸಿಗೆ.

"ನಾನು ಕೊಡ್ತೇನೆ," ಅಂದೆ. ನನ್ನ ಕೈಗಡಿಯಾರವನ್ನು ಬಿಚ್ಚಿ ಅವನ ದಿಂಬಿನ ಪಕ್ಕ ಇಟ್ಟೆ.

ಅಲ್ಲಿಯವರೆಗೆ ಮದ್ಯದ ಬಾಟಲಿಯನ್ನು ಅದು ತುಂಬಿರುವಾಗ ಮುಟ್ಟಿದವನಲ್ಲ ನಾನು. ಆವತ್ತು ಗಂಟೆಗೊಮ್ಮೆ ಅಳೆದು, ಹಣ್ಣಿನ ರಸಕ್ಕೆ ಬೆರೆಸಿ, ತಲೆ ಎತ್ತಿ ಹಿಡಿದು ಕುಡಿಸಿದೆ. ಮೊದಲೆರಡು ಸಲ ಬಸಪ್ಪ ಉತ್ಸಾಹದಲ್ಲಿದ್ದ.

"ಸಾಹೇಬ್ರ, ನನ್ನ ಹೇಣ್ತಿ ಇದನ್ನ ನೋಡ್ಬೇಕಾಗಿತ್ತ್ ನೋಡ್ರಿ. ಡಾಕ್ಟರ್ ಹೇಳ್ಯಾರ, ಆಫೀಸರ್ ಕುಡಸ್ತಾರ!"

ಆಮೇಲೆ ಅವನಿಗೆ ಸಾಕಾಯಿತು. ಬೇಡ ಅಂದ, ಬೈದ, ಅತ್ತ. ನಾನು ನಿಲ್ಲಿಸಲಿಲ್ಲ. ಇಡೀ ರಾತ್ರಿ ಒಂದೂ ತಪ್ಪಲಿಲ್ಲ, ಐದು ನಿಮಿಷ ತಡವೂ ಆಗಲಿಲ್ಲ. ನನ್ನ ಶಿಸ್ತು ಯಾರಿಗಾದರೂ ಪ್ರಯೋಜನಕ್ಕೆ ಬಂದದ್ದಿದ್ದರೆ ಅಂದೇ. ಅಂದು ಬೇಕಾದದ್ದೂ ಅದು ತಪ್ಪಿದ್ದರಿಂದಲೇ.

ಸೋಮವಾರ ಬೆಳಿಗ್ಗೆ ಆರೂವರೆಗೆ ಮಳೆ ಬಿಟ್ಟಿತು. ವಾರ್ಡಿನ ಕಿಟಕಿಯಲ್ಲಿ ಬಿಸಿಲಿತ್ತು. ಬಸಪ್ಪ ಕಣ್ಣು ತೆರೆದು ಕಿಟಕಿಯ ಕಡೆ ನೋಡಿದ.

"ಸಾಹೇಬ್ರ, ಹೊರಗ ಮಂಜ್ ಬಿದ್ದೈತೇನ್ರಿ?"

ಮುಂಬೈಯ ಜುಲೈಯಲ್ಲಿ ಮಂಜು ಬೀಳುವುದಿಲ್ಲ. ಅವನ ಕಣ್ಣ ಮುಂದೆ ಕೈಯಾಡಿಸಿ ನೋಡಿದೆ.

"ಎಲ್ಲಾ ಬೆಳ್ಳಗ್ ಕಾಣ್ತೈತ್ರಿ," ಅಂದ. ತಾನೇ ಅರ್ಥಮಾಡಿಕೊಂಡವನಂತೆ ನನ್ನ ಕೈ ಹುಡುಕಿ ಹಿಡಿದುಕೊಂಡ. ಆ ಹಿಡಿತ ಬಿಗಿಯಾಗಿತ್ತು. "ಊರಿಗಿ ಹ್ಯಾಂಗ್ ಹೋಗ್ಲಿ ಸಾಹೇಬ್ರ ನಾ, ಕಣ್ಣಿಲ್ದ?"

ಡಾಕ್ಟರಮ್ಮ ಬಂದು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. "ಅಭೀ ಕುಛ್ ಬೋಲ್ ನಹೀ ಸಕತೇ. ಚಾಲೂ ರಖೋ," ಅಂದರು. ಈಗಲೇ ಏನೂ ಹೇಳುವಂತಿರಲಿಲ್ಲ, ಬ್ರಾಂದಿ ಕೊಡುವುದನ್ನು ಮುಂದುವರಿಸಿದೆ. ಆ ದಿನವೂ ರಸ್ತೆಯ ನೀರು ಇಳಿಯಲಿಲ್ಲ. ಶಾರದ ಕೆಳಗಿನ ಮನೆಯ ಫೋನಿನಲ್ಲಿ, "ಅವರ ಮನೆಯವರಿಗೆ ತಿಳಿಸಿದ್ರಾ?" ಎಂದು ಕೇಳಿದಳು. ಏನು ತಿಳಿಸುವುದು? ಕಾಗದ ಬರೆಯಲು ಕೂತರೆ ಮೊದಲ ಸಾಲೇ ಬರಲಿಲ್ಲ. ಪೊಲೀಸ್ ಪೇದೆಯೊಬ್ಬ ಬಂದು ಹೇಳಿಕೆ ಬರೆದುಕೊಂಡು ಹೋದ. ಅವನ ಮುಂದೆ ಬಸಪ್ಪ, "ಸಾಹೇಬ್ರದು ತಪ್ಪಿಲ್ಲ, ನಾನಽ ತಿಳೀದಽ ಕುಡದೆ," ಎಂದು ಮಂಜಿನ ಕಡೆ ಮುಖ ಮಾಡಿ ಹೇಳಿದ. ತಪ್ಪು ನನ್ನದೆಂದು ನಾನು ಮತ್ತೆ ಬರೆಸಿದೆ.

ವಾರ್ಡಿನ ಎದುರು ಗೋಡೆಯ ಮೇಲೆ ಒಂದು ದೊಡ್ಡ ಗಡಿಯಾರವಿತ್ತು. ಗಂಟೆಗೊಮ್ಮೆ ಲೋಟ ಕೊಡುವಾಗ ಕೇಳುತ್ತಿದ್ದೆ: "ಬಸಪ್ಪ, ಟೈಮ್ ಎಷ್ಟು?"

"ಗೋಡೀನಽ ಕಾಣವಲ್ದ್ರಿ."

ಸಂಜೆಗೆ, "ಒಂದು ಕರೇ ಚುಕ್ಕಿ ಕಾಣ್ತೈತ್ರಿ."

ಮಂಗಳವಾರ ಬೆಳಿಗ್ಗೆ, "ದುಂಡಗ್ ಐತಿ. ಮುಳ್ಳ್ ಇಲ್ಲ."

ಮಂಗಳವಾರ ಮಧ್ಯಾಹ್ನ ನಾನು ಕೂತಲ್ಲೇ ತೂಕಡಿಸಿದ್ದೆ. ಯಾರೋ ನನ್ನ ಮೊಣಕೈ ಅಲುಗಾಡಿಸಿದರು.

"ಸಾಹೇಬ್ರ, ಏಳ್ರಿ. ಎರಡು ಐದು ಆತು. ಎರಡಕ್ಕ ಕೊಡಬೇಕಾಗಿತ್ತಲ್ಲ?"

ದಿಂಬಿನ ಪಕ್ಕದ ನನ್ನ ಗಡಿಯಾರವನ್ನು ಅವನು ನೋಡುತ್ತಿರಲಿಲ್ಲ. ಎದುರು ಗೋಡೆಯನ್ನು ನೋಡುತ್ತಿದ್ದ. ನಾನು ಎದ್ದು ವರಾಂಡಕ್ಕೆ ಹೋದೆ. ಅಲ್ಲಿ ಶೆಟ್ಟರು ಬೆಂಚಿನ ಮೇಲೆ ಕೂತಿದ್ದರು. ನನ್ನ ಮುಖ ನೋಡಿ ತಪ್ಪು ತಿಳಿದು, "ಅಯ್ಯೋ ದೇವರೇ," ಎಂದು ಎದ್ದು ನಿಂತರು. ಅಲ್ಲ ಎಂದು ತಲೆಯಾಡಿಸಿ, ಒಳಗಿನ ಗೋಡೆಯ ಗಡಿಯಾರ ತೋರಿಸಿದೆ.

ಕಾರ್ಖಾನೆಯವರು ವಿವರಣೆ ಕೇಳಿದರು. ಒಂದು ಪುಟದಲ್ಲಿ ಬರೆದುಕೊಟ್ಟೆ, ಏನನ್ನೂ ಬಿಡಲಿಲ್ಲ. ಎರಡು ವರ್ಷ ಬಡ್ತಿ ನಿಂತಿತು. ಹೊಸಬರಿಗೆ ಪಾಠ ಹೇಳುವ ಕೆಲಸವನ್ನು ನನ್ನಿಂದ ತೆಗೆಯಲಿಲ್ಲ. ಆಮೇಲಿನ ಪಾಠಗಳಲ್ಲಿ ಈ ಕಥೆಯನ್ನೇ ಹೇಳುತ್ತಿದ್ದೆ, ಬಾಟಲಿ ಯಾರದೆಂದೂ ಹೇಳುತ್ತಿದ್ದೆ. ಮಳೆ ನಿಂತ ಮೇಲಿನ ರೇಸಿಗೆ ಶೆಟ್ಟರು ಉಂಗುರದ ಎಂಜಿನ್ ಹಾಕಿ ಕಾರು ಓಡಿಸಿದರು. ಇಂಧನವನ್ನು ಅಂಗಡಿಯ ಮೆಟ್ಟಿಲ ಮೇಲೇ ಬೆರೆಸಿದ್ದರು. ನಾಲ್ಕನೆಯವರಾಗಿ ಬಂದರು. ನಾನು ಅಂಚಿನಲ್ಲಿ ನಿಂತು ಹೊಗೆ ನೋಡುತ್ತಿದ್ದೆ. ಸೂಜಿಗೆ ಕೈ ಹಾಕಲಿಲ್ಲ.

ಆದರೆ ಭಾನುವಾರ ಕಾಂದಿವಲಿಗೆ ಹೋಗುವುದನ್ನು ಬಿಡಲಿಲ್ಲ. ಗೇಟಿನ ಹತ್ತಿರ ನಿಂತು, ಶೆಡ್ಡಿನ ತುದಿಯಲ್ಲಿ ತೂಗುಹಾಕಿದ್ದ ಹಳೆಯ ಗಡಿಯಾರ ತೋರಿಸಿ ಕೇಳುತ್ತಿದ್ದೆ: "ಬಸಪ್ಪ, ಟೈಮ್ ಎಷ್ಟು?" ಮೊದಮೊದಲು ಹೇಳುತ್ತಿದ್ದ. ಒಂದು ವರ್ಷವಾದ ಮೇಲೆ ಸಿಟ್ಟಾದ.

"ಸಾಹೇಬ್ರ, ನಿಮ್ಮ ಕೈಯಾಗ ವಾಚ್ ಐತಿ. ನೀವು ಗಡಿಯಾರ ನೋಡಾಕ ಬರ್ತೀರೋ, ನನ್ನ ನೋಡಾಕ ಬರ್ತೀರೋ?"

"ಹೇಳು, ಎಷ್ಟು?"

"ಒಂಬತ್ತು ಇಪ್ಪತ್ತು!" ಎಂದು ಬೈಗುಳದಂತೆ ಹೇಳಿದ.

ಐದು ವರ್ಷಗಳ ನಂತರ ಅವನು ಕೆಲಸ ಬಿಟ್ಟು ಊರಿಗೆ ಹೊರಟ. ಶೆಟ್ಟರೂ ನಾನೂ ದಾದರಿಗೆ ಹೋಗಿ ರೈಲು ಹತ್ತಿಸಿದೆವು. ಶೆಟ್ಟರು ವಡೆಯ ಪೊಟ್ಟಣ ಕೊಟ್ಟರು. ನಾನು ಒಂದು ಗಡಿಯಾರ ಕೊಟ್ಟೆ, ದೊಡ್ಡ ಅಂಕಿಗಳದ್ದು. ಅವನು ನಕ್ಕು ಅದನ್ನು ಚೀಲದೊಳಗೆ ಇಟ್ಟುಕೊಂಡ. ರೈಲು ಅಲುಗಿತು. ಕಿಟಕಿಯ ಸರಳಿಗೆ ಮುಖ ಒತ್ತಿ, ಪ್ಲಾಟ್‌ಫಾರ್ಮಿನ ದೂರದ ತುದಿಯಲ್ಲಿದ್ದ ಗಡಿಯಾರದ ಕಡೆ ನೋಡಿ, ನಾನು ಕೇಳುವ ಮೊದಲೇ ಕೂಗಿದ:

"ಆರು ಹತ್ತು, ಸಾಹೇಬ್ರ!"

ಸ್ಟೇಷನ್ನಿನ ಗಡಿಯಾರದಲ್ಲೂ ಆರು ಹತ್ತೇ ಇತ್ತು, ನನ್ನ ಕೈಗಡಿಯಾರದಲ್ಲಿ ಆರು ಹನ್ನೆರಡಾಗಿತ್ತು. ತಪ್ಪು ತೋರಿಸುವ ಗಡಿಯಾರವನ್ನು ಕಂಡರೆ ಸ್ಟೇಷನ್ ಮಾಸ್ಟರನನ್ನು ಹುಡುಕಿಕೊಂಡು ಹೋಗಿ ಹೇಳುವವನು ನಾನು.

"ಸರಿಯಾಗಿದೆ, ಬಸಪ್ಪ," ಎಂದು ಕೂಗಿದೆ. "ಸರಿಯಾಗಿದೆ."